ನೀಲಗಿರಿ ತೋಪಿಗೆ ಹೋದ ಭಾನುವಾರ

ನಮ್ಮ ವಠಾರದಲ್ಲಿ ಗಂಡ ಹೆಂಡತಿ ಜಗಳವಾಡಬೇಕೆಂದರೆ ಚಪ್ಪಲಿ ಹಾಕಿಕೊಂಡು ಹೊರಡಬೇಕಿತ್ತು. ತಮಾಷೆಗೆ ಹೇಳುತ್ತಿಲ್ಲ, ನಿಜವಾಗಿಯೂ ಹಾಗೇ ಇತ್ತು. ಪೀಣ್ಯ ದಾಟಿ ತುಮಕೂರು ರಸ್ತೆಯಲ್ಲಿ ಸ್ವಲ್ಪ ಮುಂದೆ ಹೋದರೆ ಎಡಗಡೆ ಒಂದು ಹಳ್ಳಿ. ಎಂಬತ್ತರ ದಶಕದ ಆರಂಭ ಅದು, ಹಳ್ಳಿಯ ಸುತ್ತ ಫ್ಯಾಕ್ಟರಿಗಳು ಏಳುತ್ತಿದ್ದ ಕಾಲ. ಹಳ್ಳಿಯ ಅಂಚಿನಲ್ಲಿ ಒಂದೇ ಸಾಲಿಗೆ ಏಳು ಶೀಟಿನ ಮನೆ, ನಮ್ಮದು ಆರನೆಯದು. ಮನೆಗೂ ಮನೆಗೂ ನಡುವೆ ಗೋಡೆ ಇತ್ತು, ಆದರೆ ಅದು ಶೀಟಿನ ತನಕ ಏರಿರಲಿಲ್ಲ. ಆಳೆತ್ತರಕ್ಕಿಂತ ಒಂದು ಮೊಳ ಜಾಸ್ತಿ ಕಟ್ಟಿ, ಇಟ್ಟಿಗೆ ಸಾಕಾಯಿತೋ ಮನಸ್ಸು ಸಾಕಾಯಿತೋ, ಅಲ್ಲಿಗೇ ನಿಲ್ಲಿಸಿಬಿಟ್ಟಿದ್ದರು. ಒಂದನೇ ಮನೆಯಲ್ಲಿ ಮೆಣಸಿನಕಾಯಿ ಹುರಿದರೆ ಏಳನೇ ಮನೆಯಲ್ಲಿ ಸೀನುತ್ತಿದ್ದರು. ಇನ್ನು ಮಾತಿನ ಗತಿ ಕೇಳಬೇಕೆ? ಯಾರ ಮನೆಯಲ್ಲಿ ಯಾರು ಯಾರನ್ನು ಏನೆಂದರು ಎನ್ನುವುದು ಏಳೂ ಮನೆಗೆ ಒಟ್ಟಿಗೇ ಗೊತ್ತಾಗುತ್ತಿತ್ತು.

ಮನೆಯ ಓನರಮ್ಮ ಆ ಊರಿನ ಒಕ್ಕಲಿನ ಹೆಂಗಸು. ರಾಗಿ ಬೆಳೆಯುತ್ತಿದ್ದ ಹೊಲದ ಬಹುಪಾಲು ಫ್ಯಾಕ್ಟರಿಗಳಿಗೆ ಹೋಗಿತ್ತು; ಉಳಿದ ಜಾಗದಲ್ಲಿ ಈ ಏಳು ಮನೆ ಎಬ್ಬಿಸಿ ಬಾಡಿಗೆಗೆ ಕೊಟ್ಟಿದ್ದಳು. ಸಾಲಿನ ಹಿಂದೆಯೇ ಅವಳ ಕೊಟ್ಟಿಗೆ, ಅಲ್ಲಿ ನಾಲ್ಕು ಎಮ್ಮೆ. ಬಾಡಿಗೆಗಿಂತ ಆ ಎಮ್ಮೆಗಳ ಮೇಲೆಯೇ ಅವಳ ಪ್ರಾಣ. ನಾವು ಮನೆ ನೋಡಲು ಹೋದ ದಿನ ನೀರು ಎಲ್ಲಿ, ಕಕ್ಕಸು ಎಲ್ಲಿ ಎಂದು ತೋರಿಸಿದ ಮೇಲೆ ಸೊಂಟದ ಮೇಲೆ ಕೈಯಿಟ್ಟು ಹೇಳಿದಳು: "ಇನ್ನೊಂದ್ ಮಾತು ಕಣವ್ವಾ. ಗಂಡ ಎಂಡ್ರು ಅಂದ್ಮ್ಯಾಲೆ ಜಗಳ ಇಲ್ದೆ ಇರ್ತದಾ? ಆಡ್ಕಳಿ, ಬ್ಯಾಡ ಅನ್ನಲ್ಲ. ಆದ್ರೆ ನನ್ ಅಟ್ಟಿ ತಾವ ಕೂಗಾಡ್‌ಬ್ಯಾಡಿ. ಎಮ್ಮೆ ಬೆದರ್ಕತವೆ, ಆಲು ಕೊಡಾಕಿಲ್ಲ. ತೋಪಿಗ್ ಓಗಿ, ಎಷ್ಟ್ ಬೇಕಾದ್ರೂ ಕಿರಚ್ಕೊಂಡ್ ಬನ್ನಿ."

ತೋಪು ಎಂದರೆ ನೀಲಗಿರಿ ತೋಪು. ಮಣ್ಣುದಾರಿಯಲ್ಲಿ ಒಂದು ಮೋರಿ ದಾಟಿ ಆಚೆಗೆ ನಡೆದರೆ ಸಿಗುತ್ತಿತ್ತು. ಮಕ್ಕಳು ಸೌದೆಗೆ ಹೋಗುತ್ತಿದ್ದರು, ದೊಡ್ಡವರು ಜಗಳಕ್ಕೆ ಹೋಗುತ್ತಿದ್ದರು. ನಮ್ಮ ಪಕ್ಕದ ಐದನೇ ಮನೆಯವಳು ಮತ್ತು ಅವಳ ಗಂಡ ಅಲ್ಲಿಯ ಖಾಯಂ ಗಿರಾಕಿಗಳು. ಅವನು ವೆಲ್ಡರ್, ಅವಳು ಟ್ರಾನ್ಸ್‌ಫಾರ್ಮರಿಗೆ ಕಾಯಿಲ್ ಸುತ್ತುವ ಒಂದು ಯೂನಿಟ್ಟಿನಲ್ಲಿ ಕೆಲಸದವಳು. ಮೋರಿ ದಾಟುವ ತನಕ ಯಾರೂ ಬಾಯಿ ಬಿಡಬಾರದು ಎಂದು ಅವರಿಬ್ಬರ ನಡುವೆ ಒಪ್ಪಂದ. ಅವನು ಹತ್ತು ಹೆಜ್ಜೆ ಮುಂದೆ ದುಮುದುಮು ನಡೆಯುತ್ತಿದ್ದ, ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿಂದೆ ಹಿಂದೆ. ಬರುವಾಗ ಇಬ್ಬರೂ ಅಕ್ಕಪಕ್ಕ, ಅವಳ ಕೈಯಲ್ಲಿ ಕಡಲೆಕಾಯಿ ಪೊಟ್ಟಣ. ಓನರಮ್ಮ ಸಗಣಿ ಬಾಚುತ್ತಲೇ "ಏನ್ರವ್ವಾ, ಇತ್ಯರ್ಥ ಆಯ್ತಾ?" ಎಂದು ಕೇಳುತ್ತಿದ್ದಳು. "ಆಯ್ತಮ್ಮಾ, ಈ ಸಲ ನಾನೇ ಗೆದ್ದೆ" ಎಂದು ಇವಳು ನಗುತ್ತಿದ್ದಳು. ಯಾರಿಗೂ ನಾಚಿಕೆ ಇರಲಿಲ್ಲ. ಸಂತೆಗೆ ಹೋಗಿಬಂದಷ್ಟೇ ಸಲೀಸು.

ಮದುವೆಯಾದ ನಾಲ್ಕು ವರ್ಷದಲ್ಲಿ ನಾನು ಮಾತ್ರ ಆ ಮೋರಿ ದಾಟಿರಲಿಲ್ಲ.

ಯಾಕೆಂದರೆ ನಮ್ಮನೆಯವರು ಜಗಳವಾಡುವವರೇ ಅಲ್ಲ. ಕುಡಿತ ಇಲ್ಲ, ಬೀಡಿ ಇಲ್ಲ, ಕೈ ಎತ್ತಿದ್ದು ಒಂದು ದಿನವೂ ಇಲ್ಲ. ಒಂದು ಮೆಷಿನ್ ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದರು. ಬೆಳಿಗ್ಗೆ ಆರರ ಶಿಫ್ಟಿಗೆ ಸೈಕಲ್ಲು ತುಳಿದುಕೊಂಡು ಹೋಗಿ ಎರಡಕ್ಕೆ ಬಿಟ್ಟರೆ ಎರಡೂವರೆಗೆ ಮನೆ. ಓನರಮ್ಮನನ್ನು ಕಂಡರೆ ಸೈಕಲ್ಲಿನಿಂದ ಇಳಿದು ನಮಸ್ಕಾರ ಹೇಳುವ ಮನುಷ್ಯ. "ಪುಣ್ಯ ಮಾಡಿದ್ದೆ ಕಣಕ್ಕಾ ನೀನು" ಎಂದು ಐದನೇ ಮನೆಯವಳು ವಾರಕ್ಕೊಮ್ಮೆ ಹೇಳುತ್ತಿದ್ದಳು. "ಮಾತು ಬಲ್ಲವನಿಗೆ ಜಗಳವಿಲ್ಲ" ಎಂದು ಗಾದೆ ಬೇರೆ. ನನಗೆ ಬರುತ್ತಿದ್ದ ಸಿಟ್ಟು ಆ ದೇವರಿಗೇ ಗೊತ್ತು. ಮಾತು ಬಲ್ಲವರಂತೆ! ಅವರು ಬಲ್ಲದ್ದು ಮಾತು ಬಿಡುವುದನ್ನು.

ಏನಾದರೂ ಮನಸ್ಸಿಗೆ ಬರಲಿಲ್ಲವೋ, ಬಾಯಿಗೆ ಬೀಗ. ಬೈಗುಳ ಇಲ್ಲ, ಮುಖ ಗಂಟು ಹಾಕುವುದೂ ಇಲ್ಲ. ನಾನು ಎನ್ನುವವಳು ಆ ಮನೆಯಲ್ಲಿ ಇಲ್ಲವೇ ಇಲ್ಲ ಎಂಬಂತೆ ಎದ್ದು ಸ್ನಾನ ಮಾಡಿ, ತಿಂದು, ಹೋಗಿ, ಬಂದು, ಮಲಗುತ್ತಿದ್ದರು. ಹೇಳಲೇಬೇಕಾದದ್ದು ಇದ್ದರೆ ಪಾತ್ರೆಗಳಿಗೆ ಹೇಳುತ್ತಿದ್ದರು. ಉಪ್ಪು ಕಮ್ಮಿ ಎಂದು ತಟ್ಟೆಗೆ, ಸೀಮೆಎಣ್ಣೆ ತರಬೇಕು ಎಂದು ಸ್ಟೌವಿಗೆ. ಮದುವೆಯಾದ ಮೊದಲ ವರ್ಷ ಒಂದು ಸಲ ಹತ್ತೊಂಬತ್ತು ದಿನ ಹೀಗೇ ನಡೆಯಿತು. ಅವರ ಅಣ್ಣ ಮನೆಗೆ ಬಂದಿದ್ದಾಗ, "ನಿಮ್ಮ ಮದುವೆಯ ಸಾರು ಹಳಸಿತ್ತಲ್ಲ ಭಾವಾ" ಎಂದು ನಗುತ್ತಾ ಅಂದುಬಿಟ್ಟಿದ್ದೆ. ಅಣ್ಣನೂ ನಕ್ಕಿದ್ದರು. ಇವರು ಅವತ್ತು ಸಂಜೆಯಿಂದ ಬಾಯಿ ಮುಚ್ಚಿದರು. ಸಾರು ಕಾರಣ ಎಂದು ನನಗೆ ಹೊಳೆಯುವಷ್ಟರಲ್ಲಿ ಎಂಟು ದಿನ ಕಳೆದಿತ್ತು. ಅದೂ ಊಹೆಯೇ, ಅವರೇನೂ ಹೇಳಲಿಲ್ಲ.

ನಾನು ಹುಟ್ಟಿ ಬೆಳೆದದ್ದು ಬಾಯಿಬಡುಕರ ಮನೆಯಲ್ಲಿ. ನಮ್ಮಪ್ಪ ಜಗಲಿಯಿಂದ ಒಂದು ಅಂದರೆ ನಮ್ಮಮ್ಮ ಹಿತ್ತಿಲಿನಿಂದ ನಾಲ್ಕು ಅನ್ನುತ್ತಿದ್ದಳು. ಬೀದಿಯವರೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಅರ್ಧ ಗಂಟೆ ಬಿಟ್ಟು ನೋಡಿದರೆ ಇಬ್ಬರೂ ಒಂದೇ ತಟ್ಟೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೂತಿರುತ್ತಿದ್ದರು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುವುದು ನನಗೆ ಗಾದೆಯಾಗಿರಲಿಲ್ಲ, ಕಣ್ಣಾರೆ ಕಂಡದ್ದು. ಇಲ್ಲಿ ಉಂಡದ್ದೂ ಆಯಿತು, ಮಲಗಿದ್ದೂ ಆಯಿತು, ಹತ್ತೊಂಬತ್ತು ಸಲ ಆಯಿತು. ಕೊನೆಗೆ ತಡೆಯಲಾರದೆ ಕಾಲು ಹಿಡಿಯುವುದೊಂದು ಬಾಕಿ ಎನ್ನುವ ಹಾಗೆ "ತಪ್ಪಾಯ್ತು ಕಣ್ರೀ" ಎಂದೆ. ಅವರು ತಲೆಯೆತ್ತಿ "ಕಾಫಿ ಇದ್ಯಾ?" ಎಂದರು. ಅಲ್ಲಿಗೆ ಮುಗಿಯಿತು. ಆಮೇಲೆ ಪ್ರತಿ ಸಲವೂ ಅದೇ ಕ್ರಮ. ನಾನು ತಪ್ಪಾಯ್ತು ಅನ್ನಬೇಕು, ಅವರು ಕಾಫಿ ಕೇಳಬೇಕು. ಯಾವುದಕ್ಕೆ ತಪ್ಪಾಯ್ತು ಅಂದೆ ಎನ್ನುವುದು ಅರ್ಧಕ್ಕರ್ಧ ಸಲ ನನಗೇ ಗೊತ್ತಿರುತ್ತಿರಲಿಲ್ಲ.

ಹೀಗಿರುವಾಗ ಐದನೇ ಮನೆಯವಳು ಒಂದು ದಿನ ಗೋಡೆಯ ಮೇಲಿನಿಂದ ಕೂಗಿದಳು. "ಅಕ್ಕಾ, ನಮ್ ಯೂನಿಟ್ಟಲ್ಲಿ ಹೆಂಗಸರ್ನ ತಗೋತಿದಾರೆ ಕಣಕ್ಕಾ. ಎಸ್ಸೆಸ್ಸೆಲ್ಸಿ ಆಗಿದ್ರೆ ಸಾಕಂತೆ. ನೀನು ಪಾಸಲ್ವಾ? ಬಾ ನನ್ ಜೊತೆ." ಆ ಸಂಜೆ ನಮ್ಮನೆಯವರು ಊಟಕ್ಕೆ ಕೂತಾಗ ಹೇಳಿದೆ: ಹೀಗೊಂದು ಕೆಲಸ ಇದೆ, ನಾಳೆ ಪರೀಕ್ಷೆ ಇದೆ, ಹೋಗಿಬರಲಾ? ಅವರು ಮುದ್ದೆ ಮುರಿಯುತ್ತಾ "ಹೂಂ" ಎಂದರು. ಅವರು ಮಾತು ಬಿಟ್ಟಿದ್ದ ದಿನಗಳಲ್ಲ ಅವು, ಆದ್ದರಿಂದ ಆ ಹೂಂ ಅನ್ನು ನಾನು ಒಪ್ಪಿಗೆ ಎಂದೇ ತಿಳಿದೆ. ಇನ್ನೇನು ತಿಳಿಯಬೇಕಿತ್ತು ನೀವೇ ಹೇಳಿ.

ಪರೀಕ್ಷೆ ಎಂದರೆ ಬರೆಯುವುದಲ್ಲ. ಕೂದಲಿಗಿಂತ ಸಣ್ಣ ತಾಮ್ರದ ತಂತಿಯನ್ನು ಒಂದು ಉರುಳೆಯ ಮೇಲೆ ಸುತ್ತು ತಪ್ಪದಂತೆ, ತುಂಡಾಗದಂತೆ ಸುತ್ತಿ ತೋರಿಸಬೇಕು. ನನಗೆ ಹೂವು ಕಟ್ಟಿ ಅಭ್ಯಾಸ, ಕೈ ಸೂಕ್ಷ್ಮವಾಗಿತ್ತು. ಒಂದು ಸಲವೂ ತಂತಿ ಕಡಿಯಲಿಲ್ಲ. ಆದರೆ ನನ್ನ ಮನಸ್ಸು ತಂತಿಯ ಮೇಲೆ ಇರಲೇ ಇಲ್ಲ. ಆ ಉದ್ದ ಕೋಣೆಯಲ್ಲಿ ಎರಡು ಸಾಲು ಹೆಂಗಸರು ಕೂತು ಸುತ್ತುತ್ತಿದ್ದರು, ಎಲ್ಲರೂ ಮಾತಾಡುತ್ತಿದ್ದರು. ಅತ್ತೆಯ ಮೇಲೆ ದೂರು, ಸೀರೆಯ ಸುದ್ದಿ, ಒಬ್ಬಳು ಏನೋ ಅಂದದ್ದಕ್ಕೆ ಸಾಲಿಡೀ ಬಿದ್ದು ಬಿದ್ದು ನಗು. ಸೂಪರ್‌ವೈಸರ್ ಬಂದು "ಏನ್ ಸಂತೇನಾ ಇದು?" ಎಂದು ಗದರಿದರೆ, "ಇಲ್ಲ ಸಾರ್, ಸಂತೆಗೆ ಹೋಗಕ್ಕೆ ನೀವೆಲ್ಲಿ ಬಿಡ್ತೀರಾ" ಎಂದು ಒಬ್ಬಳು ತಿರುಗಿ ಅಂದಳು. ಅವರೂ ನಕ್ಕುಬಿಟ್ಟರು. ನನಗೆ ಅಳು ಬಂತು. ಒಂದು ಮಾತಿಗೆ ಇನ್ನೊಂದು ಮಾತು ಬರುವ ಜಾಗ ಭೂಮಿಯ ಮೇಲೆ ಇನ್ನೂ ಇದೆ, ಅದೂ ನಮ್ಮ ಮನೆಯಿಂದ ಮುಕ್ಕಾಲು ಗಂಟೆ ನಡೆದರೆ ಸಿಗುತ್ತದೆ! ದಿನಕ್ಕೆ ಎಂಟು ಗಂಟೆ ಅಲ್ಲಿ ಕೂರಬಹುದು ಎನ್ನುವುದೇ ನನಗೆ ಸಂಬಳಕ್ಕಿಂತ ದೊಡ್ಡದಾಗಿ ಕಂಡಿತು.

ಕಾಗದ ಸೋಮವಾರ ಬಂತು. ನಾನು ಆಯ್ಕೆಯಾಗಿದ್ದೆ, ಮುಂದಿನ ಸೋಮವಾರ ಬೆಳಿಗ್ಗೆ ಹೋಗಿ ಸೇರಿಕೊಳ್ಳಬೇಕಿತ್ತು. ಜೊತೆಗೆ ಒಂದು ಫಾರಂ. ಮದುವೆಯಾದವರಾದರೆ ಗಂಡನ ಅಭ್ಯಂತರ ಇಲ್ಲ ಎಂದು ಅವರ ಸಹಿ ಬೇಕು. ಅದಿಲ್ಲದೆ ಸೇರಿಸಿಕೊಳ್ಳುವುದಿಲ್ಲ ಎಂದು ಕೆಳಗೆ ಗೆರೆ ಎಳೆದು ಬರೆದಿತ್ತು. ಎರಡೂವರೆಗೆ ಇವರು ಬಂದರು. ಕೈಕಾಲು ತೊಳೆಯುವ ಮುಂಚೆಯೇ ಕಾಗದ ಕೈಗೆ ಕೊಟ್ಟೆ. ನಿಂತುಕೊಂಡೇ ಓದಿದರು, ಮೊದಲು ಕಾಗದ, ಆಮೇಲೆ ಫಾರಂ. ಎರಡನ್ನೂ ಇದ್ದ ಮಡಿಕೆಯಲ್ಲೇ ಮಡಿಸಿ ಗೋಡೆಯ ದೇವರ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದರು. "ಸೈನ್ ಹಾಕ್ಬೇಕು ಕಣ್ರೀ" ಎಂದೆ. ಅವರು ತಟ್ಟೆಯ ಮುಂದೆ ಕೂತರು. ತುಟಿ ಪಿಟಕ್ ಎನ್ನಲಿಲ್ಲ. ಆಗ ಗೊತ್ತಾಯಿತು ನನಗೆ, ಶುರುವಾಯಿತು ಎಂದು.

ಆ ವಾರ ನಾನು ಪಟ್ಟ ಪಾಡು ಶತ್ರುವಿಗೂ ಬೇಡ. ಮಂಗಳವಾರ ನಯವಾಗಿ ಕೇಳಿದೆ. ಬುಧವಾರ ಅವರಿಗೆ ಪ್ರಿಯವಾದ ಹುರುಳಿಕಾಳಿನ ಬಸ್ಸಾರು ಮಾಡಿ ಕೇಳಿದೆ. ಎರಡು ಸಲ ಬಡಿಸಿಕೊಂಡು ತಿಂದರು, ಅಷ್ಟೇ. ಗುರುವಾರ ಪೆನ್ನು ತಂದು ತಟ್ಟೆಯ ಪಕ್ಕ ಇಟ್ಟೆ. ಊಟ ಮುಗಿಸಿ ತಟ್ಟೆ ಎತ್ತಿಕೊಟ್ಟರು, ಪೆನ್ನು ಅಲ್ಲೇ ಉಳಿಯಿತು. ಬೇಡ ಎಂದರೆ ಬೇಡ ಅನ್ನಿ, ಯಾಕೆ ಬೇಡ ಎಂದು ಹೇಳಿ, ನಾನೂ ನನ್ನ ಮಾತು ಹೇಳುತ್ತೇನೆ ಎಂದು ಗೋಡೆಯಾಚೆ ಕೇಳದ ಹಾಗೆ ಪಿಸುಗುಟ್ಟುತ್ತಾ ಬೇಡಿಕೊಂಡೆ. ನೀವು ಎಂದಾದರೂ ಪಿಸುಮಾತಿನಲ್ಲಿ ಸಿಟ್ಟು ಮಾಡಿಕೊಂಡಿದ್ದೀರಾ? ಗಂಟಲು ಉರಿಯುತ್ತದೆ, ಎದೆ ಉರಿಯುತ್ತದೆ, ಎದುರಿಗಿದ್ದವರಿಗೆ ಏನೂ ಆಗುವುದಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಅದರಲ್ಲೂ ನನ್ನ ಕಿನ್ನರಿಗೆ ತಂತಿಯೂ ಇರಲಿಲ್ಲ.

ಶುಕ್ರವಾರ ಓನರಮ್ಮನ ಹತ್ತಿರ ಹೋಗಿ ಅತ್ತೆ. ಅವಳ ಮಾತೆಂದರೆ ಇವರಿಗೆ ಗೌರವ, ಅವಳು ಕೇಳಿದರೆ ಉತ್ತರ ಕೊಡದೆ ಇರಲಾರರು ಎಂದು ನನ್ನ ಲೆಕ್ಕಾಚಾರ. ಅವಳು ಎರಡೂವರೆಗೆ ಸರಿಯಾಗಿ ದಾರಿಯಲ್ಲೇ ನಿಂತು ಸೈಕಲ್ಲು ತಡೆದಳು. "ಏನಪ್ಪಾ, ಎಂಡ್ರು ಕೆಲ್ಸಕ್ಕೆ ಓಗದು ನಿಂಗೆ ಇಷ್ಟ ಇಲ್ವಂತೆ?" ಇವರು ಸೈಕಲ್ಲಿನಿಂದ ಇಳಿದು, ನಗುಮುಖದಿಂದ, ನಾನು ನಾಲ್ಕು ದಿನದಿಂದ ಕೇಳದೆ ಹೋಗಿದ್ದ ಅದೇ ಕಂಠದಲ್ಲಿ ಹೇಳಿದರು: "ನಂದೇನಿದೆ ಅಮ್ಮಾ? ಅವಳಿಷ್ಟ." ಓನರಮ್ಮ ನನ್ನ ಕಡೆ ತಿರುಗಿ ಕೈ ಆಡಿಸಿದಳು. "ಕೇಳ್ದಾ? ಇಂಥಾ ಗಂಡನ್ ಮ್ಯಾಲೆ ದೂರ್ ಯೋಳ್ತೀಯಲ್ಲೇ. ನಿನ್ ಇಷ್ಟ ಅಂದ್ಮ್ಯಾಲೆ ಇನ್ನೇನ್ ಸಂಕ್ಟ ನಿಂಗೆ?" ಎಂದು ಎಮ್ಮೆಯ ಕಡೆ ಹೋದಳು. ನಾವು ಒಳಗೆ ಬಂದೆವು. ಬಾಗಿಲು ಹಾಕಿದ ಕೂಡಲೇ ಆ ನಗು ಹೋಯಿತು, ಬಾಯಿ ಮುಚ್ಚಿತು. ಅಯ್ಯೋ, ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ ಅನ್ನುತ್ತಾರಲ್ಲ, ಅದು ನಾನೇ. ದೂರಿಕೊಳ್ಳಲು ಕೂಡ ಈಗ ನನಗೆ ಜಾಗ ಉಳಿಯಲಿಲ್ಲ.

ಶನಿವಾರ ಐದನೇ ಮನೆಯವಳಿಗೆ ಎಲ್ಲ ಹೇಳಿದೆ. ಅವಳು ಒಂದು ನಿಮಿಷವೂ ಯೋಚಿಸಲಿಲ್ಲ. "ಫಾರಂ ಇಲ್ಲಿ ಕೊಡು. ನಮ್ಮೋರ ಹತ್ರ ಸೈನ್ ಹಾಕಿಸ್ಕೊಡ್ತೀನಿ. ಗಂಡಸಿನ ಸೈನ್ ತಾನೆ ಬೇಕಿರೋದು? ಯಾರ ಗಂಡಸಾದ್ರೇನು?" ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನಗು ನಿಂತ ಮೇಲೆ ಅವಳು ಗಂಭೀರವಾಗಿಯೇ ಕೈ ಚಾಚಿದಳು. ನಾನು ಕೊಡಲಿಲ್ಲ. ನಾನೇ ಅವರ ಹೆಸರು ಬರೆದು ಹಾಕಬಹುದಿತ್ತು, ರೇಷನ್ ಕಾರ್ಡಿನಲ್ಲಿ ಅವರ ಸಹಿ ನೋಡಿ ನೋಡಿ ನನಗೆ ಬಾಯಿಪಾಠವಾಗಿತ್ತು. ಅದನ್ನೂ ಮಾಡಲಿಲ್ಲ. ಅಲ್ಲೇ ನಾನು ಎಡವಿದ್ದು. ಕೆಲಸವೊಂದೇ ಬೇಕಾಗಿದ್ದರೆ ಹಾಕಿಬಿಡುತ್ತಿದ್ದೆ. ನನಗೆ ಕೆಲಸದ ಜೊತೆಗೆ ಅವರ ಬಾಯಿಂದ ಒಂದು ಮಾತೂ ಬೇಕಾಗಿತ್ತು. ಹೌದು ಅನ್ನಲಿ, ಇಲ್ಲ ಅನ್ನಲಿ, ಹಾಳಾಗಿ ಹೋಗು ಅನ್ನಲಿ. ಎರಡನ್ನೂ ಒಟ್ಟಿಗೆ ಹಿಡಿಯಲು ಹೋದೆ. "ಹಂಗಾದ್ರೆ ನಾಳೆ ತೋಪಿಗೆ ಕರ್ಕೊಂಡ್ ಹೋಗು" ಎಂದಳು ಅವಳು. "ಅಲ್ಲಿ ಗಟ್ಟಿಯಾಗ್ ಕೇಳು. ಬಾಯಿ ಬಿಡದೆ ಎಲ್ಲಿಗೆ ಹೋಗ್ತಾರೆ?"

ಭಾನುವಾರ ನಾಲ್ಕು ಗಂಟೆಗೆ ಬಾಗಿಲಲ್ಲಿ ನಿಂತು, ಏಳು ಮನೆಗೂ ಕೇಳಲಿ ಎಂದೇ, "ತೋಪಿನ ಕಡೆ ಹೋಗಿಬರೋಣ ಬನ್ರೀ" ಎಂದೆ. ಬರುವುದಿಲ್ಲ ಎಂದುಕೊಂಡಿದ್ದೆ. ಅವರು ಎದ್ದು ಇಸ್ತ್ರಿ ಅಂಗಿ ತೊಟ್ಟು, ತಲೆ ಬಾಚಿ, ಚಪ್ಪಲಿ ಹಾಕಿದರು! ವಠಾರದ ಹೆಂಗಸರೆಲ್ಲ ಅಕ್ಕಿ ಆರಿಸುತ್ತಿದ್ದ ಮೊರ ಕೆಳಗಿಟ್ಟು ನೋಡಿದರು. ಐದನೇ ಮನೆಯವಳು ಸೆರಗಿನ ಮರೆಯಲ್ಲಿ ನನಗೆ ಮುಷ್ಟಿ ಬಿಗಿದು ತೋರಿಸಿದಳು. ನಾನು ಮದುವಣಗಿತ್ತಿಯ ಹಾಗೆ ಅವರ ಹಿಂದೆ ಹೊರಟೆ. ಸುಳ್ಳು ಯಾಕೆ ಹೇಳಲಿ, ಆ ದಾರಿಯಲ್ಲಿ ನನಗೆ ಖುಷಿಯಾಗಿತ್ತು. ನಾಲ್ಕು ವರ್ಷಕ್ಕೆ ಮೊದಲ ಸಲ ನನ್ನ ಗಂಡ ನನ್ನ ಜೊತೆ ಜಗಳಕ್ಕೆ ಬರುತ್ತಿದ್ದರು.

ಮೋರಿ ದಾಟಿದೆವು. ತೋಪಿನಲ್ಲಿ ಯಾರೂ ಇರಲಿಲ್ಲ. ಒಂದು ಮರದ ಕೆಳಗೆ ಅವರು ನಿಂತರು, ನಾನು ಎದುರಿಗೆ ನಿಂತೆ. ಮೊದಲು ಬಾಯಿಂದ ಸ್ವರವೇ ಹೊರಡಲಿಲ್ಲ, ಪಿಸುಗುಟ್ಟಿ ಪಿಸುಗುಟ್ಟಿ ಅದೇ ಅಭ್ಯಾಸವಾಗಿಹೋಗಿತ್ತು. ಆಮೇಲೆ ಶುರುವಾಯಿತು ನೋಡಿ! ಸಾರಿನಿಂದ ಹಿಡಿದು ಫಾರಮ್ಮಿನ ತನಕ ಎಲ್ಲ ಕೂಗಿದೆ. ಹತ್ತೊಂಬತ್ತು ದಿನದ ಕಥೆ, ತಟ್ಟೆಗೆ ಉಪ್ಪಿನ ಮಾತು, ತಪ್ಪಾಯ್ತು ತಪ್ಪಾಯ್ತು ಎಂದು ನಾನು ಬೇಡಿದ್ದು. "ಕಲ್ಲಿಗಾದ್ರೂ ಹೊಡೆದ್ರೆ ಸದ್ದು ಬರುತ್ತೆ ಕಣ್ರೀ, ನಿಮಗೇನಾಗಿದೆ? ನಾನು ಮನುಷ್ಯಳಲ್ವಾ? ನಾಳೆ ಬೆಳಿಗ್ಗೆ ಹೋಗ್ಬೇಕು. ಹಾಕ್ತೀರೋ ಇಲ್ವೋ? ಒಂದ್ ಮಾತು ಹೇಳಿ!" ಎಂದು ಕಿರುಚಿದೆ. ಗಂಟಲು ಹರಿದುಹೋಗುವ ಹಾಗೆ ಕಿರುಚಿದೆ.

ಅವರು ಒಂದು ನೀಲಗಿರಿ ಎಲೆ ಕಿತ್ತು ಉದ್ದಕ್ಕೆ ಸೀಳುತ್ತಾ ನಿಂತಿದ್ದರು. ಅದು ಮುಗಿದರೆ ಇನ್ನೊಂದು ಎಲೆ. ನಾನು ಸುಸ್ತಾಗಿ ಮರಕ್ಕೆ ಒರಗಿದಾಗ ಕೈಯನ್ನು ಮೂಸಿ ನೋಡಿಕೊಂಡು, ಆಕಾಶದ ಕಡೆ ನೋಡಿ, "ಆಯ್ತಾ? ಹೊತ್ತಾಯ್ತು, ನಡಿ" ಎಂದರು.

ಅದು ನನಗೆ ಅಂದದ್ದೇ. ಏಳು ದಿನಕ್ಕೆ ನೇರವಾಗಿ ನನಗೆ ಹೇಳಿದ ಮಾತು ಅಷ್ಟೇ.

ವಾಪಸ್ಸು ಬರುವಾಗ ಮೋರಿಯ ಹತ್ತಿರ ಕಡಲೆಕಾಯಿ ಮಾರುವವನನ್ನು ನಿಲ್ಲಿಸಿ ಒಂದು ಪೊಟ್ಟಣ ತೆಗೆದುಕೊಂಡು ನನ್ನ ಕೈಗೆ ಕೊಟ್ಟರು. ಎಲ್ಲರೂ ಕೊಡುತ್ತಾರಲ್ಲ, ಇವರೂ ಕೊಟ್ಟರು. ವಠಾರಕ್ಕೆ ಕಾಲಿಟ್ಟ ಕೂಡಲೇ ಹೆಂಗಸರ ಕಣ್ಣು ನನ್ನ ಕೈಯ ಪೊಟ್ಟಣದ ಮೇಲೆ. ಓನರಮ್ಮ ಬಾಯ್ತುಂಬ ನಕ್ಕಳು. "ತೋಪಿಗ್ ಓಗ್ ಬಂದ್ರಲ್ಲಾ, ಸರೋಯ್ತು ಬುಡು. ಇನ್ ನಿಮ್ದೂ ನಮ್ ಲೆಕ್ಕಕ್ಕೆ ಬಂತು." ಇಲ್ಲ ಅಮ್ಮಾ, ಏನೂ ಸರಿಹೋಗಿಲ್ಲ ಎನ್ನಬೇಕಿತ್ತು. ಗಂಟಲಿನಲ್ಲಿ ಸ್ವರ ಇರಲಿಲ್ಲ. ಐದನೇ ಮನೆಯವಳು "ಗೆದ್ದೆಯಾ?" ಎಂದು ಕಣ್ಣಲ್ಲೇ ಕೇಳಿದಳು. ನಾನು ಪೊಟ್ಟಣ ಅವಳಿಗೇ ಕೊಟ್ಟು ಒಳಗೆ ಹೋದೆ.

ಸೋಮವಾರ ಬೆಳಿಗ್ಗೆ ಅವರು ಐದೂವರೆಗೆ ಸೈಕಲ್ಲು ಹತ್ತಿದರು. ಕ್ಯಾಲೆಂಡರಿನ ಹಿಂದೆ ನೋಡಿದೆ. ಫಾರಂ ಇತ್ತು, ಸಹಿ ಇರಲಿಲ್ಲ. ಆದರೂ ತೊಳೆದ ಸೀರೆ ಉಟ್ಟು ಅದನ್ನು ಹಿಡಿದುಕೊಂಡು ಹೋದೆ. ಗುಮಾಸ್ತರು ಒಳ್ಳೆಯ ಮನುಷ್ಯರೇ. "ಯಜಮಾನ್ರ ಸೈನ್ ಎಲ್ಲಮ್ಮಾ?" ಎಂದು ಕೇಳಿದರು. "ಅವರು ಬೇಡ ಅಂದಿಲ್ಲ ಸಾರ್" ಎಂದೆ. "ಬೇಡ ಅಂದಿಲ್ಲ ಅಂದ್ರೆ ಹಾಕಿಸ್ಕೊಂಡ್ ಬನ್ನಿ. ಬುಧವಾರದ ತನಕ ಕಾಯ್ತೀನಿ. ಆಮೇಲೆ ನನ್ ಕೈಲಿಲ್ಲ." ಆ ಉದ್ದ ಕೋಣೆಯ ಬಾಗಿಲು ತೆರೆದೇ ಇತ್ತು. ಎರಡನೇ ಸಾಲಿನಲ್ಲಿ ಒಂದು ಸ್ಟೂಲು ಖಾಲಿಯಿತ್ತು, ಪಕ್ಕದಲ್ಲಿ ನಮ್ಮ ಐದನೇ ಮನೆಯವಳು. ಅವಳು ಅದರ ಮೇಲೆ ಕರವಸ್ತ್ರ ಹಾಕಿಟ್ಟಿದ್ದಳು, ಬಸ್ಸಿನಲ್ಲಿ ಸೀಟು ಹಿಡಿಯುವ ಹಾಗೆ. ಬುಧವಾರ ಕಳೆಯಿತು. ಗುರುವಾರ ಅವಳು ನಮ್ಮ ಬಾಗಿಲಿಗೆ ಬಂದು, ಬೇರೆ ಹುಡುಗಿ ಬಂದು ಕೂತಳು ಕಣಕ್ಕಾ ಎಂದು ಮೆತ್ತಗೆ ಹೇಳಿ ಹೋದಳು.

ಆವತ್ತಿನಿಂದ ನಾನೂ ಬಾಯಿ ಮುಚ್ಚಿದೆ. ಬೇಕೆಂದೇ ಮುಚ್ಚಿದೆ. ಈ ಸಲ ತಪ್ಪಾಯ್ತು ಎನ್ನುವವಳು ನಾನಲ್ಲ. ಸತ್ತರೂ ಅನ್ನುವುದಿಲ್ಲ ಎಂದು ಒಲೆಯ ಮುಂದೆ ಆಣೆ ಮಾಡಿದೆ. ನಾನು ಬಡಿಸಿದೆ, ಅವರು ತಿಂದರು. ನಾನು ಬಟ್ಟೆ ಒಗೆದೆ, ಅವರು ತೊಟ್ಟರು. ಸೀಮೆಎಣ್ಣೆ ಮುಗಿಯಿತು ಎಂದು ನಾನೂ ಸ್ಟೌವಿಗೆ ಹೇಳಿದೆ, ಸಂಜೆ ಅವರು ತಂದಿಟ್ಟರು. ದಿನಗಳು ಹೋಗುತ್ತಾ ಹೋಗುತ್ತಾ ನನಗೊಂದು ವಿಚಿತ್ರ ಗೊತ್ತಾಯಿತು. ಮಾತು ಬಿಡುವುದು ಅವರಿಗೆ ಗೊತ್ತಿತ್ತು, ತಿರುಗಿ ಶುರು ಮಾಡುವುದು ಗೊತ್ತಿರಲಿಲ್ಲ. ಆ ಕೆಲಸ ಯಾವಾಗಲೂ ನನ್ನದೇ ಆಗಿತ್ತಲ್ಲ. ಹದಿನೈದು ದಿನ ದಾಟಿದ ಮೇಲೆ ಅವರು ತಟ್ಟೆಯ ಮುಂದೆ ಕೂತು ನನ್ನ ಕಡೆ ನೋಡುವುದು, ನಾನು ತಿರುಗಿದರೆ ತಲೆ ತಗ್ಗಿಸುವುದು, ಒಂದೆರಡು ಸಲ ಕೆಮ್ಮುವುದು, ಇದೆಲ್ಲ ಶುರುವಾಯಿತು. ಅಯ್ಯೋ ಪಾಪ ಎನ್ನಿಸಿತು. ಎನ್ನಿಸಿದ್ದಕ್ಕೆ ನನ್ನ ಮೇಲೆಯೇ ಸಿಟ್ಟು ಬಂತು. ನಾನೂ ಅವರಂತೆಯೇ ಆಗಿಬಿಟ್ಟಿದ್ದೆ. ಇಬ್ಬರು ಮೂಗರು ಒಂದು ಶೀಟಿನ ಕೆಳಗೆ.

ಅಷ್ಟರಲ್ಲಿ ಮೂರನೇ ಮನೆಗೆ ಹೊಸದಾಗಿ ಮದುವೆಯಾದವರು ಬಂದರು. ಮೊದಲ ವಾರವೇ ಇಬ್ಬರೂ ಕೂಗಾಡಿ ಎಮ್ಮೆಗಳನ್ನು ಹೆದರಿಸಿದರು. ಓನರಮ್ಮ ಆ ಹುಡುಗಿಗೆ ಬುದ್ಧಿ ಹೇಳುವುದು ನನ್ನ ಮನೆಯೊಳಕ್ಕೆ ಕೇಳಿಸುತ್ತಿತ್ತು. "ಆರನೇ ಮನೆಯೋರ್ನ ನೋಡಿ ಕಲ್ತ್ಕೋ ಮಗಾ. ನಾಕ್ ವರ್ಸ ಆಯ್ತು ಬಂದು. ಒಂದಿನಾನಾದ್ರೂ ಅವರ ದನಿ ಎದ್ದದ್ ನಾ ಕಾಣೆ. ತೋಪಿಗ್ ಓಗಿದ್ದೂ ಒಂದೇ ದಪ, ಅಷ್ಟಕ್ಕೇ ಸರೋಗ್ಬುಟ್ರು." ಮಧ್ಯಾಹ್ನ ಆ ಹುಡುಗಿ ಹಾಲಿನ ಪಾತ್ರೆ ಹಿಡಿದುಕೊಂಡೇ ನನ್ನ ಬಾಗಿಲಿಗೆ ಬಂದಳು. "ನೀವು ಜಗಳಾನೇ ಆಡಲ್ವಂತಲ್ಲಾ ಅಕ್ಕಾ? ನಮ್ಮೋರು ಅದು ಬೇಡ ಇದು ಬೇಡ ಅಂತ ಹಾರಾಡ್ತಾರೆ. ಹೇಗಕ್ಕಾ ನಿಮ್ದು?" ಅವಳ ಕಣ್ಣಲ್ಲಿ ನಿಜವಾದ ಆಸೆ ಇತ್ತು. "ಬೇಡ ಅಂತಾರಲ್ಲ, ಅನ್ನಲಿ ಬಿಡು" ಎಂದೆ. "ಏನ್ ಬೇಡ ಅಂತ ನಿಂಗೆ ಗೊತ್ತಾಗುತ್ತಲ್ಲ." ಅವಳಿಗೆ ಅರ್ಥವಾಗಲಿಲ್ಲ, ನಾನು ಬಿಡಿಸಿ ಹೇಳಲೂ ಇಲ್ಲ.

ಇಪ್ಪತ್ತೈದನೇ ದಿನ ಭಾನುವಾರ. ನಾನು ಬೆಳಿಗ್ಗೆ ಎದ್ದು ಫಿಲ್ಟರಿಗೆ ಬಿಸಿನೀರು ಸುರಿಯುತ್ತಿದ್ದೆ. ಹಿಂದೆ ಓನರಮ್ಮ ಎಮ್ಮೆಯ ಕೆಳಗೆ ಕೂತಿದ್ದಳು, ಹಾಲು ತಂಬಿಗೆಗೆ ಬೀಳುವ ಸದ್ದು ಗೋಡೆಯ ಮೇಲಿನಿಂದ ಬರುತ್ತಿತ್ತು. ಇವರು ಎದ್ದು ಮುಖ ತೊಳೆದು ಬಂದು ನೇರವಾಗಿ ಕ್ಯಾಲೆಂಡರಿನ ಹತ್ತಿರ ಹೋದರು. ಫಾರಂ ತೆಗೆದರು. ನಾನು ಯೂನಿಟ್ಟಿನಿಂದ ತಂದು ಅದೇ ಜಾಗದಲ್ಲಿ ಸಿಕ್ಕಿಸಿಟ್ಟಿದ್ದೆ. ಅಂಗಿಯ ಜೇಬಿನಿಂದ ಪೆನ್ನು ತೆಗೆದು, ಮಣೆಯ ಮೇಲೆ ಫಾರಂ ಹಾಸಿ, ಮಂಡಿಯೂರಿ ಕೂತು ಸಹಿ ಹಾಕಿದರು. ಗೀಚಲಿಲ್ಲ, ಫ್ಯಾಕ್ಟರಿಯ ಕಾರ್ಡು ತುಂಬುವಂತೆ ಅಕ್ಷರ ಅಕ್ಷರ ಕೂಡಿಸಿ ಪೂರ್ತಿ ಹೆಸರು ಬರೆದರು. ಊದಿ ಶಾಯಿ ಆರಿಸಿ, ತಂದು ನನ್ನ ಕೈಯ ಹತ್ತಿರ, ಸಕ್ಕರೆ ಡಬ್ಬಿಯ ಪಕ್ಕ ಇಟ್ಟರು.

ತಪ್ಪಾಯ್ತು ಎನ್ನುವುದನ್ನು ಅವರು ಹೀಗೆ ಹೇಳುತ್ತಿದ್ದಾರೆ ಎಂದು ನನಗೆ ಗೊತ್ತಾಗದೆ ಇರಲಿಲ್ಲ. ಇಪ್ಪತ್ತೈದು ದಿನ ಕಟ್ಟಿಕೊಂಡಿದ್ದ ಬಾಯಿ ತಾನಾಗಿಯೇ ತೆರೆಯಿತು. "ಆ ಜಾಗಕ್ಕೆ ಬೇರೆಯವಳು ಬಂದು ಕೂತು ಎಷ್ಟ್ ದಿನ ಆಯ್ತು ಗೊತ್ತೇನ್ರೀ?" ಎಂದೆ. "ಈಗ ಹಾಕಿದೀರಲ್ಲ. ಅವತ್ತೇ ಯಾಕೆ ಹಾಕ್ಲಿಲ್ಲ?"

ಅವರು ನನ್ನನ್ನೇ ನೋಡಿದರು. ಮುಖದಲ್ಲಿ ಕಪಟ ಇರಲಿಲ್ಲ, ನಿಜವಾಗಿಯೂ ಆಶ್ಚರ್ಯವಿತ್ತು. "ಹಾಕಲ್ಲ ಅಂತ ನಾನ್ ಯಾವತ್ ಹೇಳ್ದೆ?" ಎಂದರು.

ನಾನು ಹಿಂದಕ್ಕೆ ಹೋಗಿ ಹುಡುಕಿದೆ. ಆ ಸೋಮವಾರ, ಬಸ್ಸಾರಿನ ಬುಧವಾರ, ಪೆನ್ನಿಟ್ಟ ಗುರುವಾರ, ತೋಪಿನ ಭಾನುವಾರ, ಒಂದೊಂದನ್ನೂ ತಿರುವಿ ಹಾಕಿ ಹುಡುಕಿದೆ. ಹೇಳಿರಲಿಲ್ಲ. ಎಲ್ಲಿಯೂ ಹೇಳಿರಲಿಲ್ಲ. ಹಿಂದಿನ ಕೊಟ್ಟಿಗೆಯಲ್ಲಿ ಎಮ್ಮೆ ನೆಮ್ಮದಿಯಾಗಿ ಹಾಲು ಕೊಡುತ್ತಿತ್ತು.

ಅವರು ಮಣೆ ಎಳೆದುಕೊಂಡು ಕೂತರು. ಹಗುರಾದವರಂತೆ ಕೈ ಒರೆಸಿಕೊಂಡು ಕೇಳಿದರು: "ಕಾಫಿ ಇದ್ಯಾ?"

"ಇದೆ" ಎಂದೆ. ಪಕ್ಕದ ಮನೆಗೂ ಕೇಳಿಸದಷ್ಟು ಮೆಲ್ಲಗೆ.